ಒಂದು ಗಂಟೆಯ ಕೋಡು

ನಮ್ಮೂರ ಶಿಖರಗಳಿಗೆ ಹೆಸರಿಲ್ಲ, ಹೊತ್ತಿದೆ.
ಹತ್ತರ ಕೋಡು, ಹನ್ನೊಂದರ ಕೋಡು,
ಹನ್ನೆರಡರದು ಚರ್ಚಿನ ಗೋಪುರಕ್ಕೆ ನೇರ,
ಆಚೆಗೆ ಒಂದರದು, ತುಸು ಸೊಟ್ಟ.
ಗಡಿಯಾರಕ್ಕೆ ಕಾಸಿಲ್ಲದ ಕಾಲದಲ್ಲಿ
ಹುಲ್ಲು ಕೊಯ್ಯುವವರು ಕತ್ತೆತ್ತಿ
ಸೂರ್ಯ ಯಾವ ಕೋಡಿನ ಮೇಲೆ ಕೂತನೆಂದು ನೋಡಿ
ಬುತ್ತಿ ಬಿಚ್ಚುತ್ತಿದ್ದರಂತೆ.

ಚಳಿಗಾಲವಿಡೀ ನಾನು ಶಾಲೆಯ ಅಡುಗೆಯವಳು.
ಜೂನಿನಲ್ಲಿ ಹಿಮ ಕಾಲ್ತೆಗೆದ ಮೇಲೆ
ಎರಡು ಡಬ್ಬಿ ಬಣ್ಣ, ಎರಡು ಕುಂಚ,
ಕಲ್ಲು ಕೆರೆಯಲು ತಂತಿಯ ಬ್ರಶ್ಶು
ಬೆನ್ನಿಗೇರಿಸಿ ಹೊರಡುತ್ತೇನೆ.
ಕೆಂಪು, ಬಿಳಿ, ಕೆಂಪು.
ಅಂಗೈಯಗಲದ ಗುರುತು, ಕಲ್ಲಿನಿಂದ ಕಲ್ಲಿಗೆ.
ಒಂದರ ಬಳಿ ನಿಂತರೆ ಇನ್ನೊಂದು ಕಾಣಬೇಕು,
ಮಂಜಿನಲ್ಲೂ. ಇಷ್ಟೇ ವಿದ್ಯೆ.
ಇಪ್ಪತ್ತಮೂರು ವರ್ಷ ನಾನು ಬರೆದದ್ದೂ ಇಷ್ಟೇ.

ಬಂದವರು ಕೇಳುತ್ತಾರೆ, ಎಷ್ಟು ದೂರ?
ನಮ್ಮ ಹಲಗೆಗಳಲ್ಲಿ ದೂರವಿಲ್ಲ, ಗಂಟೆಗಳಿವೆ.
ಮೂರೂವರೆ ಎಂದು ಬರೆದಿದ್ದರೆ
ಅದು ಯಾರ ಕಾಲಿನ ಮೂರೂವರೆ ಅನ್ನುವುದು
ಪೈನ್ ಮರಗಳು ಕುಳ್ಳಗಾಗಿ, ಹುಲ್ಲೂ ಮುಗಿದು,
ಬರೀ ಕಲ್ಲು ಶುರುವಾದಲ್ಲಿ ತಿಳಿಯುತ್ತದೆ.
ಹೊಸ ಬೂಟಿನವರೊಬ್ಬರು ಅಲ್ಲೇ ಕೂತು
ಕಾಲುಚೀಲ ಕಳಚಿ ಹಿಮ್ಮಡಿ ನೋಡಿಕೊಂಡು
ನನ್ನ ಕುಂಚದ ಕಡೆ ಅನುಮಾನದಿಂದ ನೋಡಿದ್ದರು,
ಬಣ್ಣ ತಮ್ಮದೇ ಕಾಲಿನದೇನೋ ಎಂಬಂತೆ.

ಹೋದ ಆಗಸ್ಟಿನ ಒಂದು ಬೆಳಗಿನ ಜಾವ
ಒಂದರ ಕೋಡು ಮುರಿಯಿತು.
ಒಳಗಿನ ಮಂಜುಗಡ್ಡೆಯೇ ಅದಕ್ಕೆ ಗಾರೆಯಂತೆ,
ಆ ಬೇಸಿಗೆಗೆ ಅದೂ ಬೆವರಿತಂತೆ.
ಸದ್ದು ಕೇಳಿ ಹಾಲಿನ ಲಾರಿ ಅಂದುಕೊಂಡೆವು.
ಆಮೇಲೆ ಧೂಳು.
ಕಿಟಕಿಯ ಹೂಕುಂಡಗಳ ಮೇಲೆ, ಹಸುಗಳ ರೆಪ್ಪೆಯ ಮೇಲೆ,
ಬೇಕರಿಯ ಹಿಟ್ಟಿಗಿಂತ ನುಣ್ಣಗೆ.

ಯಾರೂ ಸಾಯಲಿಲ್ಲ.
ತುದಿಯ ಶಿಲುಬೆ ಹೋಯಿತು,
ಅದರ ಬುಡದ ತಗಡಿನ ಪೆಟ್ಟಿಗೆ ಹೋಯಿತು,
ಪೆಟ್ಟಿಗೆಯೊಳಗಿನ ಪುಸ್ತಕದಲ್ಲಿ
ಮೇಲೆ ಬಂದೆ ಎಂದು ರುಜು ಹಾಕಿದ್ದವರೆಲ್ಲ
ಒಟ್ಟಿಗೆ ಕೆಳಗೆ ಬಂದರು.
ನನ್ನ ನಲವತ್ತೊಂದು ಗುರುತುಗಳೂ.

ಸೊಕ್ಕಿನ ಕೋಡು ಮುರಿಯದೆ ಉಳಿಯದೆಂದು
ಭಾನುವಾರ ಪಾದ್ರಿ ಬೋಧಿಸಿದರು.
ಅದಕ್ಕೆಲ್ಲಿಯ ಸೊಕ್ಕು ಪಾಪ,
ಕೇಳಿದವರಿಗೆ ಗಂಟೆ ಹೇಳುತ್ತ ನಿಂತಿತ್ತು.

ನವೆಂಬರಿನಲ್ಲಿ ತಗ್ಗಿನ ಸೂರ್ಯ
ಅದರ ಹಿಂದೆ ಅಡಗಿ, ಶಾಲೆಯ ಅಂಗಳಕ್ಕೆ
ಚೂಪಾದ ನೆರಳೊಂದನ್ನು ಹಾಸುತ್ತಿದ್ದ.
ನಾನು ಪಾತ್ರೆ ತೊಳೆಯುವ ಹೊತ್ತಿಗೆ
ಮಕ್ಕಳು ಆ ಅಂಚಿನ ಮೇಲೆ ಕುಂಟುತ್ತಿದ್ದರು,
ಒಂದು ಕಾಲು ಬಿಸಿಲಿಗೆ, ಒಂದು ನೆರಳಿಗೆ.
ಈ ಸಲ ನೆರಳು ಮೊಂಡಾಗಿ ಬಂತು, ಬೇಗ ಹೋಯಿತು.
ಘಂಟೆ ಬಾರಿಸುವ ಕಸ್ಸಿಯನ್ ಮುಖ ಗಂಟಿಕ್ಕಿ
ಏಳು ನಿಮಿಷ ಮುಂದೆ ಓಡ್ತಿದೆ ಅಂದ,
ರಿಪೇರಿಗೆ ಯಾರನ್ನು ಕರೆಯೋದು ಅಂದ.
ನಾನು ನಕ್ಕೆ. ಮೂರು ದಿನ ಮಾತು ಬಿಟ್ಟ.

ಈಗ ಜೂನು. ಹೊಸ ದಾರಿ.
ಕಮ್ಮಾರರ ಮನೆಯ ವಲ್ಬುರ್ಗ ಜೊತೆಗಿದ್ದಾಳೆ,
ಹದಿನಾಲ್ಕರ ಹುಡುಗಿ, ಡಬ್ಬಿ ಹೊರುತ್ತಾಳೆ,
ದಾರಿಯುದ್ದಕ್ಕೂ ಒಣದ್ರಾಕ್ಷಿ ತಿನ್ನುತ್ತಾಳೆ.
ಬಿದ್ದ ಕಲ್ಲುಗಳ ರಾಶಿಯಲ್ಲಿ ಅವಳಿಗೇ ಸಿಕ್ಕಿತು
ನನ್ನ ಹಳೆಯ ಗುರುತೊಂದು, ತಲೆಕೆಳಗಾಗಿ,
ಕೆಂಪು, ಬಿಳಿ, ಕೆಂಪು, ಒಂದಿಷ್ಟೂ ಮಾಸದೆ,
ಪ್ರಪಾತದ ಕಡೆಗೆ ದಾರಿ ತೋರುತ್ತ.
ಇರಲಿ ಬಿಡಿ, ಚೆನ್ನಾಗಿದೆ ಅಂದಳು.
ನಾನು ತಂತಿಯ ಬ್ರಶ್ಶು ತೆಗೆದೆ.
ಬಣ್ಣ ಬಿಡಲಿಕ್ಕೆ ಮುಕ್ಕಾಲು ಗಂಟೆ ಹಿಡಿಯಿತು,
ಗಟ್ಟಿಯಾಗಿಯೇ ಬಳಿದಿದ್ದೆ.

ಹೆಗಲ ಬಂಡೆಗೆ ಬರುವಷ್ಟರಲ್ಲಿ ಮಂಜು.
ಅವಳನ್ನು ಮುಂದೆ ಕಳಿಸಿ ನಾನು ಗುರುತಿನ ಬಳಿ ನಿಂತೆ.
ಕಾಣ್ತೀನಾ?
ಕಾಣ್ತೀಯ, ಹೋಗು.
ಈಗ?
ಹೋಗು.
ಈಗ?
ಬರೀ ಬಿಳುಪು. ಎಲ್ಲೋ ಒಂದು ಕಲ್ಲು ಉರುಳಿತು.
ಎರಡು ಹೆಜ್ಜೆ ಹಿಂದಕ್ಕೆ ಬಾ ಅಂದೆ.
ಮೊದಲು ಅವಳ ಡಬ್ಬಿ ಕಂಡಿತು, ಆಮೇಲೆ ಮೊಣಕೈ.
ಹಾಂ, ಅಲ್ಲೇ ನಿಲ್ಲು.
ಅಲ್ಲಿ ಯಾವ ಕಲ್ಲಿದೆಯೋ ಅದಕ್ಕೆ ಬಳಿ.